ಹೆಪ್ಪು ಬಿಟ್ಟು ಹೊರಟವರು

ಹಾಲು ತರುವುದಕ್ಕೆ ಹೊರಟರೂ ಗ್ಯಾಸ್ ಆಫ್ ಮಾಡಿದ್ದೇವೆಯೇ ಎಂದು ನೋಡಲು ಅರ್ಧ ದಾರಿಯಿಂದ ಮನೆಗೆ ಓಡಿಬರುವವರ ಪೈಕಿ ನಾನು. ಇಂಥವನನ್ನು ಹಿಡಿದು ‘ನೀನು ವಾಪಸು ಬರುತ್ತೀಯ ಎನ್ನುವುದಕ್ಕೆ ಆಧಾರ ಕೊಡು’ ಎಂದರೆ ಸಿಟ್ಟು ಬರುವುದಿಲ್ಲವೇ? ಟೂರಿಸ್ಟ್ ವೀಸಾ ಎಂದರೆ ಅಷ್ಟೇ. ನಾವು ಹೋಗುವುದಕ್ಕೆ ಅವರದೇನೂ ಅಡ್ಡಿಯಿಲ್ಲ, ಎಲ್ಲಿ ಅಲ್ಲೇ ಉಳಿದುಬಿಡುತ್ತೇವೋ ಎನ್ನುವುದೊಂದೇ ಭಯ.

ನನ್ನ ಹೆಂಡತಿ ವಿಮಲಾಗೆ ಹಿಮ ಬೀಳುವುದನ್ನು ನೋಡಬೇಕೆಂದು ಮದುವೆಯಾದಾಗಿನಿಂದ ಆಸೆ. ಇಷ್ಟು ವರ್ಷದಲ್ಲಿ ನಾನು ತೋರಿಸಿದ ಹಿಮವೆಂದರೆ ನಮ್ಮ ಹಳೇ ಫ್ರಿಜ್ಜಿನಲ್ಲಿ ಕಟ್ಟಿಕೊಳ್ಳುವುದು, ಅದನ್ನೂ ಅವಳೇ ಕೆರೆದು ತೆಗೆಯಬೇಕು. ವಿದೇಶಕ್ಕೆ ಕರೆದೊಯ್ದು ತೋರಿಸುತ್ತೇನೆಂದು ಹಿಂದೆಂದೋ ಕೊಟ್ಟ ಮಾತನ್ನು ನಿವೃತ್ತನಾದ ಮೇಲೆ ಉಳಿಸಿಕೊಳ್ಳಲು ಹೊರಟೆ. ವೀಸಾ ಸಿಗದಿದ್ದರೆ ಅವಳಿಗೆ ಹೇಗೆ ಮುಖ ತೋರಿಸಲಿ ಎಂದು ಹೆದರಿ, ಬನಶಂಕರಿಯ ಮನೆ ಪತ್ರ, ಪಿಂಚಣಿ ಕಾಗದ, ಕಂದಾಯದ ರಸೀದಿ ಎಲ್ಲವನ್ನೂ ತುರುಕಿ ಫೈಲನ್ನು ಪೂರಿಯಂತೆ ಉಬ್ಬಿಸಿದೆ. ವಿಮಲಾಳ ಚಿಂತೆಯೇ ಬೇರೆ.

“ಅದೆಲ್ಲ ಸರಿ ರೀ, ಹೆಪ್ಪಿಗೆ ಏನ್ ಮಾಡೋದು?”

ಆ ಹೆಪ್ಪು ನನ್ನ ಅಮ್ಮನದು. ಮನೆಗೆ ಬಂದ ಸೊಸೆಯ ಕೈಗೆ ಅಮ್ಮ ಒಪ್ಪಿಸಿದ್ದು. ಅಮ್ಮ ಹೋದ ಮೇಲೂ ದಿನಾ ಬೆಚ್ಚನೆ ಹಾಲಿಗೆ ಒಂದು ಚಮಚ ಬಿದ್ದು ಅದೇ ಮೊಸರು ನಡೆದುಕೊಂಡು ಬಂದಿದೆ. ಹುಳಿ, ಹುಳಿ ಎಂದು ನಾನು ಊಟಕ್ಕೆ ಕೂತಾಗಲೆಲ್ಲ ಗೊಣಗುತ್ತೇನೆ, ಅದು ಬೇರೆ ಮಾತು.

“ಬಂದ್ಮೇಲೆ ಪ್ಯಾಕೆಟ್ ಮೊಸರಲ್ಲೇ ಹೆಪ್ಪು ಹಾಕಿದ್ರೆ ಆಯ್ತಪ್ಪ” ಎಂದೆ. ಅವಳು ನೋಡಿದ ನೋಟಕ್ಕೆ ನಾನೇ ಒಡೆದ ಹಾಲಾದೆ. ಕೊನೆಗೆ ಎದುರುಮನೆ ಪದ್ಮಮ್ಮ, ನಾವು ಬರುವ ತನಕ ತಮ್ಮನೆಯಲ್ಲಿ ಆ ಹೆಪ್ಪು ನಡೆಸುವುದಾಗಿ ಒಪ್ಪಿಕೊಂಡರು.

ವೀಸಾ ಸಂದರ್ಶನದ ದಿನ ಗಾಜಿನಾಚೆ ವಿದೇಶಿ ಅಧಿಕಾರಿಣಿ, ಪಕ್ಕದಲ್ಲಿ ಅವರ ಮಾತನ್ನು ಕನ್ನಡಕ್ಕೆ ತರಲು ನಮ್ಮ ಕಡೆಯ ಹುಡುಗಿ. ‘ನೀವು ವಾಪಸು ಬರುವುದಕ್ಕೆ ಕಾರಣವೇನು?’ ಎಂಬ ಪ್ರಶ್ನೆ ಬಂತು. ನಾನು ಫೈಲಿನ ದಾರ ಬಿಚ್ಚುವುದರೊಳಗೆ ವಿಮಲಾ ಶುರುಮಾಡಿಯಾಗಿತ್ತು.

“ಅಯ್ಯೋ, ಬರದೆ ಏನು ಮೇಡಂ? ನಮ್ಮತ್ತೆ ಹೆಪ್ಪು ಎದುರುಮನೇಲಿ ಬಿಟ್ಟು ಹೋಗ್ತಿದೀನಿ. ಪದ್ಮಮ್ಮ ಒಂದೆರಡು ವಾರ ನೋಡ್ಕೋತಾರೆ, ಅದಕ್ಕಿಂತ ಜಾಸ್ತಿ ಅಂದ್ರೆ ಪಾಪ ಅವರಿಗೂ ಕಷ್ಟ. ಅದು ಕೆಟ್ಟೋದ್ರೆ ನಮ್ಮತ್ತೆ ಇನ್ನೊಂದ್ಸಲ ಹೋದಂಗೆ.”

 ಹುಡುಗಿ ಬಹಳ ಹೊತ್ತು ಇಂಗ್ಲಿಷಿನಲ್ಲಿ ಏನೇನೋ ವಿವರಿಸಿದಳು. ಬಿಚ್ಚುತ್ತಿದ್ದ ಫೈಲಿನ ದಾರವನ್ನು ನಾನು ಮತ್ತೆ ಗಂಟು ಹಾಕತೊಡಗಿದ್ದೆ. ಅಮ್ಮನ ನೆನಪಿಗೋ, ವೀಸಾ ಕೈತಪ್ಪಿತೆಂಬ ದಿಗಿಲಿಗೋ, ಎರಡಕ್ಕೂ ಇರಬೇಕು.

ಅಧಿಕಾರಿಣಿ ನನ್ನ ಕಡೆ ತಿರುಗಿದರು. “ಸಾರ್, ನೀವು ಯಾಕೆ ವಾಪಸ್ ಬರ್ತೀರಾ ಅಂತ ಕೇಳ್ತಿದಾರೆ” ಎಂದಳು ಹುಡುಗಿ.

ಮಡಿಲಲ್ಲಿದ್ದ ಫೈಲು ನೋಡಿದೆ. ಅದನ್ನು ಪಕ್ಕಕ್ಕಿಟ್ಟೆ.

“ಆ ಮೊಸರು ತಿನ್ನೋನು ನಾನೇ ಅಮ್ಮಾ” ಎಂದೆ.

ವೀಸಾ ಸಿಕ್ಕಿತು. ಆ ಸಂತೋಷಕ್ಕೆ ವಿಮಲಾ ಎರಡು ಸೌಟು ಮೊಸರು ಹೆಚ್ಚಿಗೆ ಬಡಿಸಿದಳು. ಎಂದಿನಂತೆ ಹುಳಿಯಾಗಿತ್ತು. ಆದರೆ ಬಾಯಿ ಬಿಡುವ ಹಾಗಿಲ್ಲವಲ್ಲ, ಒಂದು ದೇಶದ ಸರ್ಕಾರದ ಮುಂದೆ ಹೇಳಿಕೆ ಕೊಟ್ಟು ಬಂದಿದ್ದೇನೆ.