ಗುಂಜಿಯ ಬಚ್ಚಲಲ್ಲಿ ನಾಲ್ಕು ಗೆರೆಯ ಕಪ್ಪೆ

ಕಪ್ಪೆಯ ಫೋಟೋ ಹಾಕುವುದರಲ್ಲಿ ಎಡವಟ್ಟಾಗುವಂಥದ್ದೇನಿದೆ? ಬೆಳಗಾವಿಯಲ್ಲಿ ಇಪ್ಪತ್ತು ವರ್ಷದಿಂದ ಕನ್ನಡಕದ ಅಂಗಡಿ ನಡೆಸುವವನು ನಾನು. ಸೂಕ್ಷ್ಮವಾಗಿ ನೋಡುವುದೇ ನನ್ನ ಕಸುಬು. ಹೋದ ಮಳೆಗಾಲದಲ್ಲಿ ಜಾಲತಾಣವೊಂದರ ಸದಸ್ಯನಾದೆ. ನಾವು ಕಂಡ ಜೀವಿಯ ಫೋಟೋ ಹಾಕಿದರೆ ತಿಳಿದವರು ಅದರ ಹೆಸರು ಹೇಳುತ್ತಾರೆ. ಅದು ಸಿಕ್ಕ ಊರು ನಕ್ಷೆಯಲ್ಲಿ ಚುಕ್ಕೆಯಾಗುತ್ತದೆ. ಇಷ್ಟೇ.

ಅದೇ ವಾರ ಖಾನಾಪುರದಾಚೆಯ ಗುಂಜಿಗೆ, ಹೆಂಡತಿ ಶೋಭಾಳ ಅಕ್ಕ ಸುಮಂಗಲಾ ಅವರ ಮನೆಗೆ ಹೋದೆವು. ಬಚ್ಚಲ ಗೋಡೆಗೆ ಕಂದು ಮರಗಪ್ಪೆಯೊಂದು ಅಂಟಿಕೊಂಡು ಕೂತಿತ್ತು. ಸೊಂಟ ಹಿಡಿಯುವವರೆಗೆ ಬಗ್ಗಿ ಫೋಟೋ ಹೊಡೆದೆ. ಮನೆಗೆ ಬಂದು, ಫೋನಿನಲ್ಲಿದ್ದ ಕಪ್ಪೆಗಳಲ್ಲಿ ಅತಿ ಸ್ಪಷ್ಟವಾದ ಚಿತ್ರವನ್ನು ಆರಿಸಿದೆ. ಬೆನ್ನ ಮೇಲೆ ನಾಲ್ಕು ಗೆರೆ ಎದ್ದು ಕಾಣುತ್ತಿದ್ದವು. ಇಷ್ಟು ಚೆಂದ ತೆಗೆದವನು ನಾನೇನಾ ಎಂದು ನನಗೇ ಆಶ್ಚರ್ಯ! ಜಾಲತಾಣವು ತಾನಾಗಿ ಹಿಂದಿನ ವರ್ಷದ ತಾರೀಖನ್ನೂ ಯಾವುದೋ ಕಡಲ ದಂಡೆಯ ವಿಳಾಸವನ್ನೂ ತುಂಬಿತು. ಪಾಪ, ಯಂತ್ರಕ್ಕೆ ಗುಂಜಿ ಎಲ್ಲಿ ಗೊತ್ತು? ಎರಡನ್ನೂ ನಾನೇ ತಿದ್ದಿದೆ.

ಮರುದಿನ ಬೆಳಿಗ್ಗೆ ಉತ್ತರ ನೋಡಿ ಚಹಾವನ್ನು ಅಂಗಿಯ ಮೇಲೆ ಚೆಲ್ಲಿಕೊಂಡೆ. ಹೈದರಾಬಾದಿನ ಮೃಣಾಲಿನಿ ಎಂಬ ಕಪ್ಪೆ ಸಂಶೋಧಕಿ ಬರೆದಿದ್ದರು. ಇದು ಆಗ್ನೇಯ ಏಷ್ಯಾದ ಮರಗಪ್ಪೆಯಂತೆ. ನಮ್ಮ ಈಶಾನ್ಯ ರಾಜ್ಯಗಳಿಂದ ಬರ್ಮಾ, ಥಾಯ್ಲೆಂಡ್ ದಾಟಿ ಇಂಡೋನೇಷ್ಯಾದವರೆಗೆ ಇದೆಯಂತೆ. ಒಂದೇ ಹೆಸರಿನಡಿ ಹಲವು ಜಾತಿಗಳು ಸೇರಿಕೊಂಡಿರುವುದರಿಂದ ಅವನ್ನು ಬಿಡಿಸುವ ಕೆಲಸವೇ ಇನ್ನೂ ಮುಗಿದಿಲ್ಲವಂತೆ. ಆದರೆ ಪಶ್ಚಿಮ ಘಟ್ಟದಲ್ಲಿ ಮಾತ್ರ ಇದು ಇಲ್ಲ! ಇಲ್ಲಿರುವುದು ಇದರ ದಾಯಾದಿಯಾದ ಭಾರತೀಯ ಮರಗಪ್ಪೆ. ಕೊನೆಯಲ್ಲಿ, "ಸ್ಥಳ ಖಚಿತವೇ?" ಎಂದು ಕೇಳಿದ್ದರು.

ನಾನು ಗಂಭೀರವಾಗಿ ಉತ್ತರಿಸಿದೆ: "ಸ್ಥಳದ ಬಗ್ಗೆ ಶಂಕೆಗೆ ಆಸ್ಪದವಿಲ್ಲ. ಅದು ನನ್ನ ಹೆಂಡತಿಯ ಅಕ್ಕನ ಬಚ್ಚಲು."

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ! ಕಪ್ಪೆಯು ಹಡಗಿನಲ್ಲಿ ಗೋವಾಕ್ಕೆ ಬಂದು, ಸರಕು ರೈಲು ಹತ್ತಿ, ಲೋಂಡಾ ದಾಟಿ, ಗುಂಜಿಯಲ್ಲಿ ಇಳಿದಿರಬಹುದೆಂಬ ಸಿದ್ಧಾಂತವನ್ನೂ ಮಂಡಿಸಿದೆ. ಅಂಗಡಿಗೆ ಬಂದವರಿಗೆ ಅಕ್ಷರಗಳ ಪಟ್ಟಿ ಓದಿಸುವ ಮೊದಲು ಕಪ್ಪೆಯ ಫೋಟೋ ತೋರಿಸಿದೆ.

"ಒಂದು ಕಪ್ಪಿ ಸಲುವಾಗಿ ಇಷ್ಟ್ ಕುಣಿಯೂದ ಏನ್ರಿ?" ಎಂದಳು ಶೋಭಾ.

"ಕಪ್ಪಿ ಅಲ್ಲ, ಶೋಭಾ. ನಕ್ಷೆ ಬದಲಾಗತೈತಿ!"

ಮುಂದಿನ ಶನಿವಾರ ಮೃಣಾಲಿನಿ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬಂದಿಳಿದರು. ಮೂಲ ಧಾರವಾಡದವರು, ಮೂವತ್ತರ ಆಸುಪಾಸಿನವರು. ಬೆನ್ನ ಮೇಲೆ ಅವರಿಗಿಂತ ಭಾರವಾದ ಚೀಲ. ಶೋಭಾಳನ್ನೂ ಕೂಡಿಸಿಕೊಂಡು ಗುಂಜಿಗೆ ಹೊರಟೆವು. ದಾರಿಯುದ್ದಕ್ಕೂ ನಾನು ರೈಲಿನ ಸಿದ್ಧಾಂತ ವಿವರಿಸಿದೆ. ಅವರು ಸೌಜನ್ಯದಿಂದ ಕಿಟಕಿಯ ಹೊರಗೆ ನೋಡುತ್ತಿದ್ದರು.

ಕಪ್ಪೆ ಹಂಡೆಯ ಹಿಂದೆಯೇ ಸಿಕ್ಕಿತು. ಮೃಣಾಲಿನಿ ಮೆಲ್ಲಗೆ ಹಿಡಿದು, ತೊಡೆಯ ಹಿಂಬದಿ ನೋಡಿದರು.

"ಹಳದಿ ಚುಕ್ಕಿ ಅದಾವ ನೋಡ್ರಿ. ಇದು ನಮ್ಮ ಭಾರತದ ಕಪ್ಪೀನ. ನಿಮ್ಮ ಫೋಟೋದಾಗಿಂದು ಬ್ಯಾರೇದು."

"ಹಂಗಾದ್ರ ಎರಡೂ ಜಾತಿ ಒಂದ ಬಚ್ಚಲದಾಗ!" ಎಂದೆ.

ಅವರು ಇನ್ನೊಂದು ಕೈಯಲ್ಲಿ ನನ್ನ ಫೋನು ಹಿಡಿದು ಆ ಫೋಟೋವನ್ನು ಹಿಗ್ಗಿಸಿದರು. ಕಪ್ಪೆಯ ಹಿಂದೆ ನೀಲಿ ಮೀನುಗಳ ಟೈಲ್ಸ್.

ಬಾಗಿಲಲ್ಲಿ ನಿಂತಿದ್ದ ಸುಮಂಗಲಾ ಇಣುಕಿ ನೋಡಿದರು. "ಅಯ್ಯ, ನಮ್ಮ ಬಚ್ಚಲಕ್ಕ ಟೈಲ್ಸ್ ಯಾವಾಗ ಬಂದೂ? ನಮ್ಮದು ಬರೇ ಸಿಮೆಂಟಿನ ಗ್ವಾಡಿ."

ಶೋಭಾ ಫೋನು ಕಸಿದುಕೊಂಡಳು. ನೋಡಿದಳು. ಇನ್ನೊಂದು ಕೈ ಬಾಯಿಗೆ ಹೋಯಿತು.

"ಶಿವ ಶಿವಾ! ಇದು ನಾ ತಗದ ಫೋಟೋ ರೀ! ಹೋದ ವರ್ಷ ನಾವು ಹೆಣ್ಣಮಕ್ಕಳೆಲ್ಲ ಕೂಡಿ ಥಾಯ್ಲೆಂಡಿಗೆ ಹೋಗಿದ್ದಿವಲ್ಲ, ಅಲ್ಲಿ ಹೋಟೆಲ್ ಬಚ್ಚಲದಾಗ ಕುಂತಿತ್ತು. ನಮ್ಮಿಬ್ಬರ ಫೋನಿನ ಫೋಟೋನೂ ಒಂದ ಖಾತೆದಾಗ ಕೂಡತಾವ ಅಂತ ನಿಮಗ ಗೊತ್ತಿಲ್ಲೇನು? ಬಂದ ದಿನಾನ ತೋರಿಸಿದ್ದೆ. 'ಭಾಳ ಚಲೋ ಐತಿ' ಅಂದ್ರಿ!"

"ನಾ ನೋಡಿದ್ನಾ?"

"ಎಲ್ಲಿ ನೋಡಿದ್ರಿ! ಪೇಪರ್ ಓದಕೋತ ಅಂದ್ರಿ!"

ಆಧಾರಕ್ಕೆಂದು ನಾನು ಹಂಡೆ ಹಿಡಿದುಕೊಂಡೆ. ಹಂಡೆ ಬಿಸಿಯಾಗಿತ್ತು. ಕೂಗಿದೆ. ಆ ಕೂಗಿಗೆ ಕಪ್ಪೆ ಮೃಣಾಲಿನಿಯ ಕೈಯಿಂದ ಹಾರಿ ಸುಮಂಗಲಾ ಅವರ ತಲೆಯ ಮೇಲೆ ಕೂತಿತು. ಅವರು ನನಗಿಂತ ಜೋರಾಗಿ ಕೂಗಿದರು!

ಎಲ್ಲರೂ ನಕ್ಕು ಮುಗಿದ ಮೇಲೆ ಜಗುಲಿಯಲ್ಲಿ ಚಹಾ ಕುಡಿಯುತ್ತ ಮೃಣಾಲಿನಿ ಹೇಳಿದ್ದು ಮಾತ್ರ ಬಿಸಿ ಹಂಡೆಗಿಂತ ಹೆಚ್ಚು ಸುಟ್ಟಿತು.

"ಕಾಕಾ, ನಾ ಬರಲಿಲ್ಲಂದ್ರ ಯಾರಾದ್ರೂ ಇದನ್ನ ನಂಬಿ ಬರೀತಿದ್ರು. ಅದನ್ನ ಓದಿ ಇನ್ನೊಬ್ರು. ಹಿಂಗ ನಕ್ಷೆದಾಗ ಬಂದ ತಪ್ಪು ಚುಕ್ಕಿ ಅಳಸೂದ್ರಾಗ ನನ್ನ ಅರ್ಧಾ ಕೆಲಸ ಹೋಗೇತಿ."

ತಲೆ ತಗ್ಗಿಸಿದೆ. ಅಲ್ಲೇ ಕೂತು ಜಾಲತಾಣದಲ್ಲಿ ಕ್ಷಮಾಪಣೆ ಬರೆದೆ. ಕಪ್ಪೆಯನ್ನು ಥಾಯ್ಲೆಂಡಿಗೆ ವಾಪಸು ಕಳಿಸಿದೆ. ರೈಲಿನ ಸಿದ್ಧಾಂತವನ್ನೂ ಹಿಂತೆಗೆದುಕೊಂಡೆ. ಛಾಯಾಗ್ರಾಹಕರ ಹೆಸರಿನ ಜಾಗದಲ್ಲಿ ಶೋಭಾಳ ಹೆಸರು ಬಂತು. ಈಗ ಆ ಚಿತ್ರವನ್ನು ಅನೇಕರು ಮೆಚ್ಚಿದ್ದಾರೆ. ಅವಳು ದಿನಾ ಎಣಿಸುತ್ತಾಳೆ.

ತಿಂಗಳಾದ ಮೇಲೆ ಮೃಣಾಲಿನಿಯ ಫೋನು ಬಂತು.

"ನಮ್ಮ ವಿದ್ಯಾರ್ಥಿಗಳ ಮುಂದ ಒಂದು ತಾಸು ಮಾತಾಡ್ತೀರೇನ್ರಿ ಕಾಕಾ?"

ಎದೆ ಉಬ್ಬಿತು. ಗಂಟಲು ಸರಿಮಾಡಿಕೊಂಡು, "ವಿಷಯ ಏನ್ರಿ?" ಎಂದೆ.

"ತಪ್ಪು ದಾಖಲೆ ಹೆಂಗ ಹುಟ್ಟತಾವ ಅಂತ. ನಿಮ್ಮಷ್ಟು ಅನುಭವ ಇದ್ದವರು ನಮಗ ಯಾರೂ ಸಿಕ್ಕಿಲ್ಲ."

ಒಪ್ಪಿಕೊಂಡೆ. ಒಂದು ತಾಸು ಸಾಲುವುದಿಲ್ಲ ಎಂದೂ ಹೇಳಿದೆ.