ಶಾಖದ ಲೆಕ್ಕ ಸಣ್ಣದು ಮಾಡಲು ಹೋಗಿ

ತಾನು ಮಾಡುವ ಕೆಲಸ ಏನೆಂದು ನಾಲ್ಕು ಜನಕ್ಕೆ ತಿಳಿಸಿ ಹೇಳಲಾಗದವನ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಎಪ್ಪತ್ತರ ದಶಕದಲ್ಲಿ ನಾನು ಎಂಜಿನಿಯರಿಂಗ್ ಕಾಲೇಜಿನ ಮಾಸ್ತರ. ಇಂಡಿ ಊರಿನ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಪ್ರತಿ ಬೇಸಿಗೆಗೂ ನಿಂಬೆಹಣ್ಣು ಕೆಡುತ್ತಿದ್ದವು. ಬಿಸಿ ಎಲ್ಲಿಂದ ಬಂದು ಹೇಗೆ ಹರಡುತ್ತದೆಂದು ಕಂಡುಹಿಡಿಯುವ ಉಸಾಬರಿ ನನಗೆ ಬಿತ್ತು. ಗೋದಾಮನ್ನು ಕಾಗದದ ಮೇಲೆ ಸಾವಿರಾರು ತುಂಡು ಮಾಡಿ, ತುಂಡಿಗೊಂದು ಸಮೀಕರಣ ಬರೆಯಬೇಕು. ಅಷ್ಟನ್ನು ಬಿಡಿಸುವುದು ಆಗದ ಮಾತು. ಹಾಗಾಗಿ ಒಟ್ಟಿಗೇ ಕಾಯುವ, ಒಟ್ಟಿಗೇ ಆರುವ ತುಂಡುಗಳನ್ನು ಒಂದೇ ಎಂದು ಹಿಡಿದು, ಉತ್ತರ ಕೆಡದಂತೆ ಲೆಕ್ಕ ಕುಗ್ಗಿಸುವುದು ನನ್ನ ಕಸುಬಾಯಿತು.

೧. ಹೆಣ್ಣು ನೋಡಲು ಹೋದಾಗ

ಮುದ್ದೇಬಿಹಾಳದಲ್ಲಿ ಹುಡುಗಿಯ ಅಜ್ಜ ಕೇಳಿದರು. ಅವರು ನಿವೃತ್ತ ಶಾಲಾ ಮಾಸ್ತರರು.

“ಏನ್ ಕೆಲಸ ಮಾಡ್ತೀರಿ?”

“ದೊಡ್ಡ ಲೆಕ್ಕ ಸಣ್ಣ ಮಾಡ್ತೇನ್ರಿ.”

ಅಜ್ಜನ ಮುಖ ಬಾಡಿತು. “ಸಂಕ್ಷೇಪಿಸಿರಿ ಅಂತ ನಾ ಐದನೇತ್ತಾ ಹುಡುಗರಿಗೆ ಕಲಸ್ತಿದ್ದೆ. ನೀವು ಇನ್ನೂ ಅದರಾಗ ಅದೀರೇನು?”

ಅವತ್ತು ಅವಲಕ್ಕಿ ತಿಂದ ಮೇಲೆ ಚಹಾ ಬರಲಿಲ್ಲ.

೨. ತಣ್ಣನೆಯ ಗೋದಾಮು

ಗೋದಾಮಿನ ಮೂಲೆಮೂಲೆಗೂ ಥರ್ಮಾಮೀಟರ್ ತೂಗುಹಾಕಿ, ನೋಡಿಕೊಳ್ಳಲು ಕಾವಲುಗಾರನಿಗೆ ಒಪ್ಪಿಸಿದ್ದೆ. ತಿಳಿಯಲೆಂದು ನನ್ನ ವಿದ್ಯೆಯನ್ನೂ ಎರಡು ಮಾತಿನಲ್ಲಿ ಹೇಳಿದ್ದೆ. ಮೇ ತಿಂಗಳಲ್ಲಿ ಹೋದರೆ, ಆತ ಓದಿ ಹೇಳಿದ ಬಿಸಿಗೆ ಸ್ವೆಟರ್ ಹಾಕಿಕೊಳ್ಳಬೇಕು!

ಥರ್ಮಾಮೀಟರುಗಳೆಲ್ಲ ಕುಡಿಯುವ ನೀರಿನ ತಣ್ಣನೆಯ ಮಣ್ಣಿನ ಹರವಿಗೆ ಒರಗಿ ಕೂತಿದ್ದವು.

“ಇಲ್ಲಿಗ್ಯಾಕ ತಂದಿ ಮಾರಾಯಾ?”

“ಬ್ಯಾರೆ ಬ್ಯಾರೆ ಇರೋವನ್ನ ಒಂದ ಕಡೆ ಹಿಡದ್ರ ಲೆಕ್ಕ ಸಣ್ಣದಾಗತೈತಿ ಅಂತ ನೀವ ಅಂದಿದ್ರಲ್ರಿ!”

೩. ಯಂತ್ರದ ಸಾಹೇಬರು

ಗಣಕಯಂತ್ರ ಇದ್ದದ್ದು ದೂರದ ದೊಡ್ಡ ಊರಿನಲ್ಲಿ. ಲೆಕ್ಕ ತುಂಬಿದ ತೂತಿನ ಕಾರ್ಡುಗಳ ಟ್ರಂಕು ಹೊತ್ತು ಬಸ್ಸು, ರೈಲು ಬದಲಿಸಿ ಹೋದೆ. ಅಲ್ಲಿನ ಸಾಹೇಬರು ಟ್ರಂಕು ನೋಡಿಯೇ ಕೈ ಅಲ್ಲಾಡಿಸಿದರು. “ಇಷ್ಟು ದೊಡ್ಡ ಲೆಕ್ಕ ನಮ್ಮ ಯಂತ್ರದೊಳಗೆ ಹಿಡಿಯಲ್ಲ ಕಣ್ರೀ. ಚಿಕ್ಕದು ಮಾಡ್ಕೊಂಡು ಬನ್ನಿ.”

ವರ್ಷವಿಡೀ ತಲೆ ಕೆಡಿಸಿಕೊಂಡು ಕುಗ್ಗಿಸಿದೆ. ಟ್ರಂಕಿನ ಕಾರ್ಡುಗಳು ಒಂದು ಕೈಚೀಲಕ್ಕೆ ಬಂದವು. ಹೆಮ್ಮೆಯಿಂದ ಅವರ ಮೇಜಿನ ಮೇಲಿಟ್ಟೆ. ಸಾಹೇಬರು ಚೀಲದೊಳಗೆ ಇಣುಕಿದರು.

“ಇಷ್ಟೇನಾ? ಇದಕ್ಕೆ ಯಂತ್ರ ಯಾಕ್ರೀ? ಕೈಯಲ್ಲೇ ಮಾಡ್ಕೊಳಿ!”

೪. ಎಲ್ಲಾ ತಗಡಿಂದ

ಬಾಗೇವಾಡಿಯ ನಮ್ಮ ಮನೆಯಲ್ಲಿ ಕೂತು ಕೈಯಲ್ಲೇ ಮಾಡಿದೆ. ಉತ್ತರ ಬಂತು! ಗೋಡೆಗಳದು ತಪ್ಪಿಲ್ಲ, ಮೇಲಿನ ತಗಡಿನದೇ ಕಾಟ. ಇಂಡಿಗೆ ಓಡಿ ವ್ಯಾಪಾರಿಗೆ ಹೇಳಿದೆ. “ಬಿಸಿ ಎಲ್ಲಾ ತಗಡಿಂದ್ರಿ. ಅದರ ಮ್ಯಾಲ ಜೋಳದ ಒಣ ದಂಟಿನ ಕಣಕಿ ಹೊದಸ್ಬೇಕು. ಎಷ್ಟು ದಪ್ಪ ಅಂತ ಲೆಕ್ಕಾ ಹಾಕಿ ಬಂದು ಹೇಳ್ತೇನಿ.”

ಆ ಲೆಕ್ಕವನ್ನೂ ಮುಗಿಸಿ ಹೋದೆ. ಗೋದಾಮಿಗೆ ಗೋಡೆಗಳಿದ್ದವು, ಬಾಗಿಲಿತ್ತು, ಬಾಗಿಲಿಗೆ ಕೀಲಿಯೂ ಇತ್ತು. ಮೇಲೆ ಮಾತ್ರ ಆಕಾಶ.

“ತಗಡು ಎಲ್ರೀ?”

“ಎಲ್ಲಾ ಅದರಿಂದನ ಅಂದ್ರಲ್ಲ? ಅವತ್ತ ಕಿತ್ತಿ ಒಗದ್ನಿ.”

“ನಿಂಬಿಹಣ್ಣು?”

“ಉಪ್ಪಿನಕಾಯಿ ಹಾಕಿಸಿದ್ನಿ. ಅದಕ್ಕ ಬಿಸಿಲ ಛಲೋ.”

ನಿಜ, ಒಳಗೆ ಭರಣಿಗಳು ಸಾಲಾಗಿ ಕೂತು ಬಿಸಿಲು ಕಾಯಿಸುತ್ತಿದ್ದವು. ನಾನು ಲೆಕ್ಕದ ಹಾಳೆ ಮಡಚಿ ಜೇಬಿಗಿಟ್ಟೆ. ವ್ಯಾಪಾರಿ ಸಮಾಧಾನ ಮಾಡುವವರಂತೆ ಹೆಗಲು ತಟ್ಟಿದರು.

“ಸುಮ್ನ ಚಿಂತಿ ಮಾಡಬ್ಯಾಡ್ರಿ. ಈಗ ಒಳಗೂ ಹೊರಗೂ ಒಂದ ಬಿಸಿ. ನಿಮ್ಮ ಲೆಕ್ಕ ಇನ್ನೆಷ್ಟು ಸಣ್ಣ ಆಗಬೇಕ್ರಿ?”