ನಾನು ಈರುಳ್ಳಿ ಕಳ್ಳಿಯನ್ನು ಹಿಡಿದದ್ದು

ಎಪ್ಪತ್ತೊಂಬತ್ತು ವರ್ಷದ ಹೆಂಗಸೊಬ್ಬರನ್ನು ಹದಿನೇಳು ಜನರ ಮುಂದೆ ಕಳ್ಳಿ ಎಂದು ಕರೆದ ಮಹಾನುಭಾವ ನಾನೇ. ಹೆಸರು ಬರ್ನಾರ್ಡ್ ಅಕ್ರಾಯ್ಡ್, ವಯಸ್ಸು ಅರವತ್ತೇಳು, ಊರು ಯಾರ್ಕ್‌ಶೈರಿನ ಬ್ಯಾಟ್ಲಿ. (ತಪ್ಪೊಪ್ಪಿಗೆಯಲ್ಲಿ ಹೆಸರು, ವಯಸ್ಸು, ಊರು ಮೊದಲು ಬರಬೇಕು. ಮೂವತ್ತೊಂದು ವರ್ಷ ಬೇರೆಯವರಿಂದ ಬರೆಸಿಕೊಂಡ ಅಭ್ಯಾಸ.) ಈ ಪ್ರಸಂಗ ನಡೆದ ಮೇಲೆ ಬ್ರೆಡ್ಡು ತರಲು ನಾನು ದೊಡ್ಡ ಬೀದಿಯಲ್ಲಿ ಹೋಗುವುದಿಲ್ಲ. ಚರ್ಚಿನ ಹಿಂದಿನ ಓಣಿಯಲ್ಲಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಮದುವೆ ಮನೆಯಿಂದ ಓಡಿಹೋದ ಗಂಡಿನಂತೆ ಹೋಗುತ್ತೇನೆ.

ನೌಕರಿಯಲ್ಲಿದ್ದಾಗ ನಾನು ಬಸ್ಸಿನ ಚೆಕಿಂಗ್ ಇನ್‌ಸ್ಪೆಕ್ಟರ್. ಟಿಕೆಟ್ ಇಲ್ಲದವನನ್ನು ಬರೀ ಭುಜ ನೋಡಿಯೇ ಗುರುತು ಹಿಡಿಯುತ್ತೇನೆ ಎಂಬ ಖ್ಯಾತಿ ನನಗಿತ್ತು. (ಆ ಖ್ಯಾತಿಯನ್ನು ಹಬ್ಬಿಸಿದವನೂ ನಾನೇ.) ನಿವೃತ್ತಿಯಾದ ಮೇಲೆ ಹಿಡಿಯಲು ಯಾರೂ ಸಿಗದೆ, ರೈಲು ಹಳಿಯ ಪಕ್ಕ ಪುರಸಭೆಯವರು ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ಹದಿನೆಂಟು ತುಂಡು ನೆಲಗಳಲ್ಲಿ ಒಂದನ್ನು ಹಿಡಿದೆ. ನನ್ನ ಎಡಕ್ಕೆ ಈನಿಡ್ ಹೋಲ್ರಾಯ್ಡ್ ಎಂಬ ಹಿರಿಯ ವಿಧವೆ. ಬಲಕ್ಕೆ ನಮ್ಮ ಸಂಘದ ಅಧ್ಯಕ್ಷ ಯೂಸುಫ್ ದೇಸಾಯಿ. ಮೆಂತ್ಯ, ಬೆಳ್ಳುಳ್ಳಿ ಬೆಳೆಯುತ್ತಾನೆ, ಮಾತು ಕಡಿಮೆ.

ನಮ್ಮ ಕಡೆ ಈರುಳ್ಳಿಯನ್ನು ಅಕ್ಟೋಬರಿನಲ್ಲೂ ನೆಡುತ್ತಾರೆ. ಗೋಲಿಯಷ್ಟು ಬಿತ್ತನೆ ಗಡ್ಡೆಯನ್ನು ಮಣ್ಣಿಗೆ ಚುಚ್ಚಿಟ್ಟರೆ ಅದು ಚಳಿಗಾಲವಿಡೀ ಮಂಜು, ಹಿಮ, ಕೆಸರು ಎಲ್ಲವನ್ನೂ ಸಹಿಸಿಕೊಂಡು ಜೂನ್ ಹೊತ್ತಿಗೆ ಮುಷ್ಟಿ ಗಾತ್ರವಾಗುತ್ತದೆ. ಸಹಿಸಿಕೊಳ್ಳಲಾಗದಿದ್ದರೆ ಕೊಳೆಯುತ್ತದೆ. ಹೋದ ವರ್ಷ ನಾನು ಮೊದಲ ಸಲ ನೆಟ್ಟೆ. ಜನವರಿಯಲ್ಲಿ ನನ್ನ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಮನೆಯಲ್ಲೇ ಬಿದ್ದುಕೊಂಡೆ. ಏಪ್ರಿಲ್ ಕೊನೆಗೆ ಕುಂಟುತ್ತ ಹೋಗಿ ನೋಡುತ್ತೇನೆ, ನನ್ನ ಮಡಿಯಲ್ಲಿ ಈರುಳ್ಳಿ ಹಸಿರು ಕತ್ತಿ ಹಿಡಿದ ಸೈನ್ಯದಂತೆ ನಿಂತಿದೆ! ನೀರಿಲ್ಲ, ಗೊಬ್ಬರವಿಲ್ಲ, ಯಜಮಾನನೇ ಇಲ್ಲ. ಇದಕ್ಕೆ ನನ್ನ ಕೈಗುಣ ಬಿಟ್ಟರೆ ಬೇರೆ ಕಾರಣ ನನಗೆ ಹೊಳೆಯಲಿಲ್ಲ.

ಜುಲೈನ ಪ್ರದರ್ಶನದಲ್ಲಿ ಮೊದಲ ಬಹುಮಾನ ನನಗೇ ಬಂತು. ಅದಕ್ಕೆ ಹಿಂದೆ ಹನ್ನೊಂದು ವರ್ಷ ಅದು ಈನಿಡ್ ಅವರದು. ಆ ಸಲ ಅವರು ಸ್ಪರ್ಧೆಗೇ ಇಳಿಯಲಿಲ್ಲ. (ಹೆದರಿದರು ಎಂದುಕೊಂಡೆ. ಬರೆಯುವಾಗ ಕಿವಿ ಬಿಸಿಯಾಗುತ್ತಿದೆ, ಇರಲಿ.) ಬಹುಮಾನ ಕೊಟ್ಟವರು ಎರಡು ಮಾತಾಡಿ ಎಂದರು. ‘ಪಲಾಂಡು ಕೃಷಿಯಲ್ಲಿ ಕೈಗುಣದ ಪಾತ್ರ’ ಎಂಬ ವಿಷಯವಾಗಿ ಐವತ್ತು ನಿಮಿಷ ಮಾತಾಡಿದೆ. (ಪಲಾಂಡು ಎಂದರೆ ಈರುಳ್ಳಿಯೇ.) ಅದರಲ್ಲಿ ನನ್ನದೇ ಒಂದು ಸಿದ್ಧಾಂತವನ್ನೂ ಮಂಡಿಸಿದೆ. ಬಿತ್ತನೆ ಗಡ್ಡೆಯ ತುದಿಯಲ್ಲಿ ಒಣಗಿದ ಜುಟ್ಟೊಂದು ಇರುತ್ತದಲ್ಲ, ನೆಡುವ ಮುಂಚೆ ಎಲ್ಲರೂ ಅದನ್ನು ಕತ್ತರಿಯಿಂದ ಕತ್ತರಿಸುತ್ತಾರೆ. ಅದು ಗಡ್ಡೆಯ ಆತ್ಮಗೌರವಕ್ಕೆ ಧಕ್ಕೆ, ಕತ್ತರಿಸಕೂಡದು ಎಂದು ಸಾರಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಮೊದಲು ತಟ್ಟಿದವರು ಈನಿಡ್.

ಈ ಅಕ್ಟೋಬರಿನಲ್ಲಿ ದಾರ ಕಟ್ಟಿ, ಅಳತೆಪಟ್ಟಿ ಹಿಡಿದು, ಆರು ಸಾಲು ನೆಟ್ಟೆ. ಸಾಲಿಗೆ ಇಪ್ಪತ್ತು, ಎಲ್ಲವೂ ಜುಟ್ಟು ಸಮೇತ. ಮೂರನೆಯ ದಿನ ನೋಡಿದರೆ ಎರಡನೆಯ ಸಾಲು ನಡುವಿನಲ್ಲಿ ಹೊಟ್ಟೆ ಬಿಟ್ಟುಕೊಂಡಿತ್ತು. ಐದನೆಯ ದಿನ ನಾಲ್ಕನೆಯ ಸಾಲು ಕುಡಿದು ಮನೆಗೆ ಹೋಗುವವನಂತೆ ವಾಲಿತ್ತು. ಕೆಲವು ಕಡೆ ನನ್ನ ದುಂಡನೆಯ ಗಡ್ಡೆ ಇದ್ದ ಜಾಗದಲ್ಲಿ ಬೇರೆ ಯಾವುದೋ ಸಣ್ಣ ಗಡ್ಡೆ. ಮಡಿಯ ಅಂಚಿನಲ್ಲಿ ಪುಟ್ಟ ರಬ್ಬರ್ ಬೂಟಿನ ಹೆಜ್ಜೆ. ಯಾರೋ ನನ್ನ ಉತ್ತಮ ತಳಿಯನ್ನು ಕದ್ದು, ತಮ್ಮ ಕಳಪೆ ಮಾಲನ್ನು ಅಲ್ಲಿ ಇಡುತ್ತಿದ್ದಾರೆ ಎಂದು ತೀರ್ಮಾನಿಸಿದೆ.

ನನ್ನ ಹೆಂಡತಿ ಬೆರಿಲ್ ಇಸ್ತ್ರಿ ಮಾಡುತ್ತಿದ್ದಳು. ವಿಷಯ ಕೇಳಿ, "ಹಕ್ಕಿ ಇರಬೇಕು," ಎಂದಳು.

"ಹಕ್ಕಿ ಕೀಳಬಹುದು. ಕಿತ್ತದ್ದನ್ನ ವಾಪಸ್ಸು ನೆಡುತ್ತಾ?"

"ಹಾಗಾದ್ರೆ ನೀನೇ ಸೊಟ್ಟಗೆ ನೆಟ್ಟಿರಬೇಕು."

"ಅಳತೆಪಟ್ಟಿ ಹಿಡಿದು ನೆಟ್ಟಿದೀನಿ ಬೆರಿಲ್."

"ಮದುವೆ ದಿನ ಟೈನೂ ಅಳತೆಪಟ್ಟಿ ಹಿಡಿದೇ ಕಟ್ಕೊಂಡಿದ್ದೆ. ಫೋಟೋ ನೋಡು ಒಂದ್ಸಲ."

ಫೋಟೋ ನೋಡಲಿಲ್ಲ. (ನನಗೆ ಗೊತ್ತಿದೆ.) ಮರುದಿನ ಬೆಳಿಗ್ಗೆ ಏಳು ಗಂಟೆಗೇ ಹೋಗಿ ಯೂಸುಫನ ನೀರಿನ ಪೀಪಾಯಿಯ ಹಿಂದೆ ಅಡಗಿ ಕುಳಿತೆ. ಮಂಡಿ ಕಿರುಗುಟ್ಟಿತು, ಲೆಕ್ಕಿಸಲಿಲ್ಲ. ಸ್ವಲ್ಪ ಹೊತ್ತಿಗೆ ಈನಿಡ್ ಬಂದರು. ಆ ಕಡೆ ಈ ಕಡೆ ನೋಡಿದರು. ನನ್ನ ಮಡಿಯ ಮುಂದೆ ಬಗ್ಗಿದರು. ಅವರ ಕೋಟಿನ ಜೇಬು ಉಬ್ಬಿತ್ತು. ಕೈ ಮಣ್ಣಿಗೆ ಹೋಯಿತು, ಜೇಬಿಗೆ ಹೋಯಿತು, ಮತ್ತೆ ಮಣ್ಣಿಗೆ ಹೋಯಿತು. ಭುಜ ನೋಡಿದೆ. ಟಿಕೆಟ್ ಇಲ್ಲದ ಭುಜ, ಸಂಶಯವೇ ಇಲ್ಲ.

ಎದ್ದು ಹೋಗಿ "ಏನು ಮಾಡ್ತಿದೀರಿ?" ಎಂದು ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ. ಹಿಡಿಯುವುದಾದರೆ ತುಂಬಿದ ಬಸ್ಸಿನಲ್ಲಿ, ಎಲ್ಲರ ಎದುರಿಗೆ ಹಿಡಿಯಬೇಕು. ಅದರ ರುಚಿಯೇ ಬೇರೆ. ಮನೆಗೆ ಬಂದು, ಕಳ್ಳರು ಯಾರೆಂದು ಗೊತ್ತಾಯಿತು, ಶನಿವಾರ ಸಂಘದ ಸಭೆಯಲ್ಲಿ ಹೆಸರು ಹೇಳುತ್ತೇನೆ ಎಂದೆ. ಬೆರಿಲ್ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಮೊದಲು ತನಗೆ ಹೇಳಬೇಕೆಂದು ಎರಡು ಸಲ ಕೇಳಿದಳು. ತನಿಖೆಯ ಗೋಪ್ಯತೆ ಎಂದು ಮೀಸೆ ತಿರುವಿದೆ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸಂಘದ ಶೆಡ್ಡಿನಲ್ಲಿ ಹದಿನೇಳು ಜನ ಚಹಾ ಕುಡಿಯುತ್ತ ಕುಳಿತಿದ್ದರು. ಗೊಬ್ಬರ, ಗೇಟಿನ ಬೀಗ, ಇಲಿ ಕಾಟ ಎಲ್ಲ ಮುಗಿದು ಇತರೆ ವಿಷಯ ಬಂದಾಗ ನಾನು ಎದ್ದೆ. ಸಾಲು ವಾಲಿದ್ದು, ಬೂಟಿನ ಗುರುತು, ಏಳು ಗಂಟೆಯ ಪ್ರತ್ಯಕ್ಷ ದರ್ಶನ, ಒಂದೊಂದನ್ನೂ ನ್ಯಾಯಾಲಯದ ಗತ್ತಿನಲ್ಲಿ ಮುಂದಿಟ್ಟು, ಕೊನೆಗೆ ಬೆರಳು ಚಾಚಿ, "ಕದ್ದವರು ಮಿಸೆಸ್ ಹೋಲ್ರಾಯ್ಡ್," ಎಂದೆ.

ಈನಿಡ್ ಬಟ್ಟಲನ್ನು ಕೆಳಗಿಟ್ಟರು. ಕೋಟಿನ ಜೇಬಿಗೆ ಕೈಹಾಕಿ ಎಂಟು ಸಣ್ಣ ಗಡ್ಡೆಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಎಂಟಕ್ಕೂ ಜುಟ್ಟು ಕತ್ತರಿಸಿತ್ತು.

"ಇವು ನನ್ನವು ಬರ್ನಾರ್ಡ್," ಎಂದರು. "ನಿನ್ನವನ್ನ ಕಪ್ಪು ಹಕ್ಕಿ ಜುಟ್ಟು ಹಿಡಿದು ಎಳೆದು ಹಾಕುತ್ತೆ. ಹುಳ ಅಂದ್ಕೊಳ್ಳುತ್ತೆ ಪಾಪ. ನೀನು ಬರೋದರೊಳಗೆ ದಿನಾ ವಾಪಸ್ಸು ಚುಚ್ಚಿಡ್ತಿದ್ದೆ. ಹಕ್ಕಿ ಹೊತ್ಕೊಂಡು ಹೋದ ಕಡೆ ನನ್ನದು ಒಂದೊಂದು ಇಡ್ತಿದ್ದೆ. ನನ್ನ ಕಣ್ಣು ಮೊದಲಿನ ಹಾಗಿಲ್ಲ, ಸಾಲು ಸೊಟ್ಟಗಾಗಿದ್ದಕ್ಕೆ ಬೇಜಾರು ಮಾಡ್ಕೋಬೇಡ."

ಇಷ್ಟು ಹೇಳಿ, ಸ್ಕಾರ್ಫು ಕಟ್ಟಿಕೊಂಡು, ಬಾಗಿಲನ್ನು ಮೆತ್ತಗೆ ಎಳೆದುಕೊಂಡು ಹೊರಟುಹೋದರು. ದಢಾರನೆ ಹಾಕಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಅಕ್ಟೋಬರಿನಲ್ಲಿ ನಾನು ನಾಟಿದ್ದು ಒಂದೂ ಸರಿಯಾಗಿ ನಾಟಲಿಲ್ಲ. ಆ ಮಾತು ಮಾತ್ರ ಒಂದೇ ಏಟಿಗೆ ನಾಟಿತು. ನಾನಿನ್ನೂ ನಿಂತೇ ಇದ್ದೆ, ಚಾಚಿದ ಬೆರಳನ್ನು ಎಲ್ಲಿಡಬೇಕೆಂದು ತಿಳಿಯದೆ. ಯೂಸುಫ್ ತಗ್ಗಿದ ದನಿಯಲ್ಲಿ ಮನೆಗೆ ಹೋಗು ಎಂದ.

ಮನೆಯಲ್ಲಿ ಬೆರಿಲ್ ಒಲೆಯ ಮೇಲಿದ್ದುದನ್ನು ಆರಿಸಿ, ಕುರ್ಚಿ ಎಳೆದುಕೊಂಡು, ಪೂರ್ತಿ ಕೇಳಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಮೂವತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಅವಳು ಬೈಯದೆ ಕುಳಿತದ್ದು ಅದು ಎರಡನೆಯ ಸಲ. (ಮೊದಲನೆಯದು ಅವಳ ತಾಯಿ ತೀರಿಕೊಂಡಾಗ.)

"ಹೋದ ವರ್ಷದ್ದೂ ಅವರದ್ದೇ ಬರ್ನಾರ್ಡ್," ಎಂದಳು.

"ಹೋದ ವರ್ಷದ್ದು ಏನು?"

"ಈರುಳ್ಳಿ. ನೀನು ನೆಟ್ಟಿದ್ದು ಫೆಬ್ರವರಿ ಮಳೆಗೆ ಕೊಳೆತು ಹೋಯ್ತು, ಒಂದೂ ಉಳೀಲಿಲ್ಲ. ನೀನು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ದೆ. ದಿನಾ ಕೇಳ್ತಿದ್ದೆ, ಈರುಳ್ಳಿ ಹೇಗಿದೆ ಅಂತ. ಚೆನ್ನಾಗಿದೆ ಅಂತಿದ್ದೆ ನಾನು. ಇನ್ನೇನು ಹೇಳಲಿ? ಮಾರ್ಚಿನಲ್ಲಿ ಈನಿಡ್ ತಮ್ಮ ಮಡಿಯಿಂದ ಅರವತ್ತು ಗಿಡ ಬೇರು ಸಮೇತ ಎತ್ತಿ ನಿನ್ನ ಮಡಿಗೆ ಹಾಕಿದ್ರು. ಆ ಚಳೀಲಿ. ತಮಗೆ ಪ್ರದರ್ಶನಕ್ಕಿಡೋಕೆ ಒಂದು ಒಳ್ಳೇದು ಉಳಿಸ್ಕೊಳ್ಳಲಿಲ್ಲ."

ಮುಂದಿನ ಕೋಣೆಗೆ ಹೋಗಿ, ಚೌಕಟ್ಟು ಹಾಕಿಸಿದ್ದ ಬಹುಮಾನದ ಕಾರ್ಡನ್ನು ಗೋಡೆಯಿಂದ ಇಳಿಸಿದೆ. ಈರುಳ್ಳಿ ಹೆಚ್ಚದೆಯೇ ಕಣ್ಣಲ್ಲಿ ನೀರು ಬಂತು.

ಮಧ್ಯಾಹ್ನ ಈನಿಡ್ ಅವರ ಮನೆಯ ಬಾಗಿಲು ತಟ್ಟಿದೆ. ದಾರಿಯುದ್ದಕ್ಕೂ ಒಂದು ಕ್ಷಮಾಪಣಾ ಭಾಷಣ ಸಿದ್ಧಪಡಿಸಿಕೊಂಡಿದ್ದೆ; ಬಾಗಿಲು ತೆರೆದ ಕ್ಷಣ ಅದರಲ್ಲಿ ಉಳಿದದ್ದು "ನಾನು" ಎಂಬ ಒಂದೇ ಪದ. ಅದನ್ನೇ ಮೂರು ಸಲ ಹೇಳಿದೆ. ಕಾರ್ಡನ್ನು ಮುಂದೆ ಹಿಡಿದೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ, ಒಳಗೂ ಕರೆಯಲಿಲ್ಲ. ಅವರ ಕಣ್ಣು ಕೆಂಪಾಗಿತ್ತು. ಅದನ್ನು ನೋಡಿದ ಮೇಲೆ ನನಗೆ ನನ್ನ ಬೂಟು ಬಿಟ್ಟು ಬೇರೆ ಏನನ್ನೂ ನೋಡಲಾಗಲಿಲ್ಲ.

"ನನ್ನ ಗಂಡನ ಕಾಲದಿಂದ ನಲವತ್ತು ವರ್ಷ ಆ ಶೆಡ್ಡಿನಲ್ಲಿ ಕೂತಿದೀನಿ," ಎಂದರು. "ಅಲ್ಲಿ ಅಂದದ್ದನ್ನ ಅಲ್ಲೇ ವಾಪಸ್ಸು ತಗೋ. ಬಾಗಿಲಲ್ಲಿ ನಿಂತು ಹೇಳಿದ್ರೆ ನನಗೊಬ್ಬಳಿಗೆ ಕೇಳಿಸುತ್ತೆ."

ಮುಂದಿನ ಶನಿವಾರದವರೆಗೆ ನನಗೆ ಊಟ ರುಚಿಸಲಿಲ್ಲ. ಆ ದಿನ ಬೆರಿಲ್ ತಾನೂ ಬರುತ್ತೇನೆಂದಳು. ನಾನು ಅರ್ಧ ಹೇಳಿ ಕುಳಿತುಬಿಟ್ಟೇನು ಎಂಬ ಅನುಮಾನ. (ನನ್ನ ಯೋಜನೆಯೂ ಅದೇ ಆಗಿತ್ತು.) ಈನಿಡ್ ತಮ್ಮ ಮಾಮೂಲಿ ಜಾಗದಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ನಾನು ಎದ್ದು, ಮಿಸೆಸ್ ಹೋಲ್ರಾಯ್ಡ್ ಕಳ್ಳಿಯಲ್ಲ, ನಾನು ಮೂರ್ಖ ಎಂದೆ. ಕ್ಷಮೆ ಕೇಳಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಬೆರಿಲ್ ಕೆಮ್ಮಿದಳು. ಆಗ, ಜುಲೈನ ಬಹುಮಾನವೂ ನನ್ನದಲ್ಲ, ಆ ಈರುಳ್ಳಿ ಅವರದು, ನನ್ನ ಕೈಗುಣಕ್ಕೆ ಸಿಕ್ಕಿದ್ದು ಬರೀ ಕೊಳೆತ ಗಡ್ಡೆ ಎಂಬ ಮಹಾರಹಸ್ಯವನ್ನು ನಡುಗುತ್ತ ಹೊರಹಾಕಿ, ಸಭೆ ಬೆಚ್ಚಿಬೀಳುವುದನ್ನು ಕಾದೆ.

ಯಾರೂ ಬೆಚ್ಚಲಿಲ್ಲ. ಒಬ್ಬರು ಬಿಸ್ಕತ್ತು ಅದ್ದಿಕೊಂಡರು.

"ಗೊತ್ತು," ಎಂದ ಯೂಸುಫ್. "ಕೈಗಾಡಿ ತಳ್ಳಿದವನು ನಾನು."

ಹಿಂದಿನ ಬೆಂಚಿನ ಹೆಂಗಸು ತಾನು ದಾರ ಹಿಡಿದದ್ದಾಗಿ ಹೇಳಿದಳು. ಕೊಳೆತದ್ದನ್ನು ಕಿತ್ತು ಎಸೆದವರು ಇಬ್ಬರು. ಕೊಡೆ ಹಿಡಿದವರು ಒಬ್ಬರು. ಆ ಮಾರ್ಚಿನ ದಿನ ಹದಿನೇಳು ಜನರೂ ನನ್ನ ಮಡಿಯಲ್ಲಿದ್ದರು. ಆಮೇಲೆ ಜುಲೈನಲ್ಲಿ ಅದೇ ಹದಿನೇಳು ಜನ ನನ್ನೆದುರು ಕುಳಿತು, ನನ್ನ ಕೈಗುಣದ ಬಗ್ಗೆ ಐವತ್ತು ನಿಮಿಷ ಕೇಳಿದ್ದರು. ಒಬ್ಬರೂ ನಕ್ಕಿರಲಿಲ್ಲ. ಭೂಮಿ ಬಾಯಿಬಿಡಬಾರದೇ ಎಂದು ಕೆಳಗೆ ನೋಡಿದೆ. ಸಿಮೆಂಟು ನೆಲ.

ಆದರೆ ನಾಚಿಕೆಯ ತಳದಲ್ಲಿ ಏನೋ ಒಂದು ಬೆಚ್ಚಗೆ ಅಲ್ಲಾಡಿತು. ನನ್ನಂಥ ಹುಂಬನಿಗಾಗಿ ಇಷ್ಟು ಜನ, ಆ ಚಳಿಯಲ್ಲಿ, ಒಂದು ಮಾತೂ ಆಡದೆ! ಈನಿಡ್ ಅವರ ಕಡೆ ತಿರುಗಿ, "ನನಗೋಸ್ಕರ ನೀವೆಲ್ಲ ಇಷ್ಟು..." ಎಂದು ತೊದಲಿದೆ.

"ನಿನಗೋಸ್ಕರ ಯಾರಪ್ಪ ಮಾಡ್ತಾರೆ?" ಎಂದರು ಈನಿಡ್. ಕೋಪದಿಂದಲ್ಲ, ಇದ್ದದ್ದನ್ನು ಹೇಳುವ ದನಿಯಲ್ಲಿ. "ಬೆರಿಲ್ ಬಂದು ಅತ್ತಿದ್ಲು. ಈರುಳ್ಳಿ ಸತ್ತಿದೆ ಅಂತ ಗೊತ್ತಾದ್ರೆ ಇವನು ತೋಟ ಬಿಟ್ಟುಬಿಡ್ತಾನೆ, ಆಮೇಲೆ ಜೀವಮಾನವೆಲ್ಲ ಮನೇಲೇ ಕೂತಿರ್ತಾನೆ ಅಂತ. ಅವಳು ಅಂಗಡಿಯಿಂದ ಬಂದ್ರೆ ಬಾಗಿಲಲ್ಲೇ ನಿಲ್ಲಿಸಿ ಬಿಲ್ಲಿನ ಚೀಟಿ ತೋರಿಸು ಅಂತಿದ್ಯಂತಲ್ಲ."

ಹದಿನಾರು ತಲೆಗಳು ಹೌದೆಂದು ಅಲ್ಲಾಡಿದವು. ನಾನು ಬೆರಿಲ್ ಕಡೆ ನೋಡಿದೆ. ಇಲ್ಲ ಎನ್ನುತ್ತಾಳೆ, ಕೊನೆಯಪಕ್ಷ ಸ್ವಲ್ಪ ಕೆಂಪಾಗುತ್ತಾಳೆ ಎಂದು ಕಾದೆ. ಅವಳು ಚಹಾ ಕೆಟಲನ್ನು ಎತ್ತಿ ಹಿಡಿದು, ಯೂಸುಫನಿಗೆ ಸಕ್ಕರೆ ಎಷ್ಟು ಚಮಚ ಎಂದು ಕೇಳುತ್ತಿದ್ದಳು.